ಗೆದ್ದವನ ಶೋಕ, ಸೋತವಳ ಕೋಪ: ಜೈಮಿನಿ ಭಾರತದ ಯುದ್ಧೋತ್ತರ ನೆಲೆ

ಕುಮಾರವ್ಯಾಸನು ಭಾರತ ಕಥೆಯನ್ನು ಹತ್ತು ಪರ್ವಗಳಿಗೆ, ಅಂದರೆ ಗದಾಪರ್ವಕ್ಕೆ ನಿಲ್ಲಿಸಿದನು. ಯುದ್ಧ ಮುಗಿದ ಬಳಿಕ ಅರಸನಾದವನ ಅಂತರಂಗ ಏನಾಗುತ್ತದೆ ಎಂಬಲ್ಲಿಂದ ಲಕ್ಷ್ಮೀಶನ ಜೈಮಿನಿ ಭಾರತ ಆರಂಭವಾಗುತ್ತದೆ. ವಾರ್ಧಕ ಷಟ್ಪದಿಯ ಈ 34 ಸಂಧಿಗಳ ಕಾವ್ಯವನ್ನು ನಾವು ಉಪಮೆಗಳಿಗಾಗಿ, ಚಂದ್ರಹಾಸ ಹಾಗೂ ಸೀತಾಪರಿತ್ಯಾಗದ ಕಥೆಗಳಿಗಾಗಿ ಓದುತ್ತ ಬಂದಿದ್ದೇವೆ. ಕಾದ ಎಣ್ಣೆಯಲ್ಲಿ ಬೇಯದ ವೀರ, ಸ್ತ್ರೀರಾಜ್ಯ, ಸತ್ತವರನ್ನು ಎಬ್ಬಿಸುವ ನಾಗಲೋಕದ ಮಣಿ ಮುಂತಾದವುಗಳಿಂದ ಇದು ಕನ್ನಡದ ಶ್ರೇಷ್ಠ ಅದ್ಭುತ ಕಥನವೂ ಹೌದು. ಆದರೆ ಈ ಅದ್ಭುತದ ಅಡಿಯಲ್ಲಿ ಯುದ್ಧಾನಂತರದ ದುಃಖ ಮತ್ತು ಕೋಪಗಳ ಹಂಚಿಕೆ ಹೇಗಾಗಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕವಿಯ ಊರು ಕಡೂರು ತಾಲ್ಲೂಕಿನ ದೇವನೂರು ಎಂಬುದು ಬಹುಜನ ವಿದ್ವಾಂಸರ ಮತ. ಇಂದಿನ ಯಾದಗಿರಿ ಜಿಲ್ಲೆಯ ಸುರಪುರದ ಬಳಿಯ ದೇವಪುರವೇ ಕವಿಯ ಸ್ಥಳವೆಂಬ ವಾದವೂ ಉಂಟು. ಆ ಚರ್ಚೆಗೆ ಇಲ್ಲಿ ಕೈಹಾಕುವುದಿಲ್ಲ. ಸುರಪುರದ ಓದುಗನಿಗೆ ಈ ಕಾವ್ಯ ಪರಕೀಯವಲ್ಲ ಎಂಬಷ್ಟೇ ನನಗೆ ಬೇಕಾದ ಮಾತು.

ಧರ್ಮರಾಯನ ಶೋಕವನ್ನು ರನ್ನನ ದುರ್ಯೋಧನನ ಶೋಕದೊಡನೆ ಇಟ್ಟು ನೋಡಬೇಕು. ಗದಾಯುದ್ಧದ ದುರ್ಯೋಧನನು ಸಂಜಯನೊಡನೆ ರಣರಂಗದಲ್ಲಿ ನಡೆಯುತ್ತಾನೆ; ದುಶ್ಶಾಸನ, ಕರ್ಣರ ಶವಗಳ ಮುಂದೆ ಕರಗುತ್ತಾನೆ; ಆ ಕರಗುವಿಕೆಯೇ ಸಂಧಿಯನ್ನು ಒಲ್ಲದ ಛಲವಾಗಿ ಗಟ್ಟಿಗೊಳ್ಳುತ್ತದೆ. ಅವನ ಕೋಪಕ್ಕೆ ಎದುರಿನಲ್ಲಿ ವೈರಿಯಿದ್ದಾನೆ. ಧರ್ಮರಾಯನಿಗೆ ಅಂತಹ ವೈರಿಯಿಲ್ಲ. ಗೆದ್ದವನು ಕೋಪಿಸಿಕೊಳ್ಳಬೇಕಾದದ್ದು ತನ್ನ ಮೇಲೆಯೇ. ವ್ಯಾಸರು ಸೂಚಿಸುವ ಪರಿಹಾರ ಅಶ್ವಮೇಧ. ವಿಪರ್ಯಾಸವೆಂದರೆ, ಬಂಧುವಧೆಯ ಪಾಪವನ್ನು ಕಳೆಯಲು ಹೊರಟ ಕುದುರೆ ಕಾಲಿಟ್ಟ ರಾಜ್ಯಗಳಲ್ಲೆಲ್ಲ ಹೊಸ ಬಂಧುವಧೆ ನಡೆಯುತ್ತದೆ. ಚಕ್ರವರ್ತಿಯೊಬ್ಬನ ದುಃಖಶಮನದ ವೆಚ್ಚವನ್ನು ಸಣ್ಣ ಅರಸರು ಭರಿಸುತ್ತಾರೆ.

ಆ ಸಣ್ಣ ಅರಸರಿಗೆ ಅಳಲು ಕಾವ್ಯ ಕೊಡುವ ಅವಕಾಶ ಕಡಿಮೆ. ಹಂಸಧ್ವಜನು ತಡವಾಗಿ ಬಂದ ಮಗ ಸುಧನ್ವನನ್ನು ತಾನೇ ಎಣ್ಣೆಯ ಕೊಪ್ಪರಿಗೆಗೆ ನೂಕಿಸಿದವನು. ಬದುಕಿ ಬಂದ ಮಗ ರಣದಲ್ಲಿ ಮಡಿದಾಗ ಅವನ ಮರುಕದಲ್ಲಿ ಅಪರಾಧಪ್ರಜ್ಞೆಯೂ ಬೆರೆತಿರಲೇಬೇಕು. ಆದರೆ ಕೃಷ್ಣನ ಸಾಂತ್ವನ ಬೇಗನೆ ಒದಗಿ, ಅರಸನು ಪಾಂಡವರ ಮಿತ್ರನಾಗುತ್ತಾನೆ. ಮಾಹಿಷ್ಮತಿಯ ನೀಲಧ್ವಜನದೂ ಅದೇ ದಾರಿ: ಮಗ ಪ್ರವೀರನನ್ನು ಕಳೆದುಕೊಂಡ ಮೇಲೆ, ಕೊಂದವನ ದಂಡಿನೊಡನೆಯೇ ಕುದುರೆಯ ಬೆಂಗಾವಲಿಗೆ ಹೊರಡುತ್ತಾನೆ. ಭಕ್ತಿಯ ಚೌಕಟ್ಟಿನಲ್ಲಿ ಇದು ಶರಣಾಗತಿ; ರಾಜಕೀಯವಾಗಿ ನೋಡಿದರೆ ಸಾಮಂತಿಕೆ.

ಈ ಒಪ್ಪಂದವನ್ನು ಒಪ್ಪದವಳು ನೀಲಧ್ವಜನ ರಾಣಿ ಜ್ವಾಲೆ. ಅರಸ ಬಿಟ್ಟುಕೊಟ್ಟ ಕೋಪವನ್ನು ಅವಳು ಎತ್ತಿಕೊಳ್ಳುತ್ತಾಳೆ. ಗಂಡನಿಂದ ಆಗದ್ದನ್ನು ಸೋದರನಲ್ಲಿ ಕೇಳುತ್ತಾಳೆ, ಅವನೂ ಒಲ್ಲೆನೆನ್ನುತ್ತಾನೆ. ತವರೂ ಗಂಡನ ಮನೆಯೂ ಮುಚ್ಚಿದ ಮೇಲೆ ಗಂಗೆಯ ದಡಕ್ಕೆ ಬರುತ್ತಾಳೆ. ಮಕ್ಕಳಿಲ್ಲದವಳ ನೀರು ತನಗೆ ಸೋಕಬಾರದೆಂದು ನದಿಯನ್ನೇ ಜರೆಯುತ್ತಾಳೆ. ಏಳು ಮಕ್ಕಳನ್ನು ನೀನೇ ಮುಳುಗಿಸಿದೆ, ಉಳಿದ ಭೀಷ್ಮನನ್ನು ಅರ್ಜುನ ಕೊಂದ ಎಂಬುದು ಅವಳ ತರ್ಕ. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಮತ್ತೊಬ್ಬ ತಾಯಿಯಲ್ಲಿ ಹುದುಗಿದ್ದ ದುಃಖವನ್ನು ಕೆದಕಿ ಶಾಪವಾಗಿಸುವ ಈ ಸನ್ನಿವೇಶ ಇಡೀ ಕಾವ್ಯದಲ್ಲಿ ನನಗೆ ಅತ್ಯಂತ ತೀವ್ರವಾಗಿ ಕಂಡಿದೆ. ಅರ್ಜುನನು ಮಗನ ಕೈಯಲ್ಲೇ ಸಾಯಲೆಂದು ಗಂಗೆ ಶಪಿಸುತ್ತಾಳೆ. ಜ್ವಾಲೆ ಬೆಂಕಿಗೆ ಬಿದ್ದು ಬಾಣವಾಗಿ ಬಭ್ರುವಾಹನನ ಬತ್ತಳಿಕೆಯನ್ನು ಸೇರುತ್ತಾಳೆ. ಮಾತು ಕೇಳುವವರು ಯಾರೂ ಇಲ್ಲದಾಗ ಅವಳ ಕೋಪ ಆಯುಧವಾಗುತ್ತದೆ. ಅದ್ಭುತವೆಂಬುದು ಇಲ್ಲಿ ಕೇವಲ ಅಲಂಕಾರವಲ್ಲ. ಆಸ್ಥಾನದಲ್ಲಿ ಎಡೆಯಿಲ್ಲದ ಭಾವಕ್ಕೆ ಕಥನವು ತೆರೆದ ಹಿಂಬಾಗಿಲು.

ಆ ಬಾಗಿಲನ್ನು ಕವಿ ಮತ್ತೆ ಮುಚ್ಚುತ್ತಾನೆ. ಸಂಜೀವಕ ಮಣಿಯಿಂದ ಅರ್ಜುನನೂ ಕರ್ಣನ ಮಗ ವೃಷಕೇತುವೂ ಎದ್ದು ಕೂರುತ್ತಾರೆ. ಪ್ರವೀರನಿಗೆ ಆ ಮಣಿಯ ಭಾಗ್ಯವಿಲ್ಲ.

ಸುರಪುರದ ನೆಲದಲ್ಲಿ ಈ ಪ್ರಸಂಗವನ್ನು ಓದುವಾಗ 1858 ನೆನಪಾಗದಿರದು. ಬ್ರಿಟಿಷರ ವಿರುದ್ಧ ಎದ್ದು ಸೋತ ರಾಜಾ ವೆಂಕಟಪ್ಪ ನಾಯಕನ ಕೊನೆಯ ದಿನಗಳ ಬಗ್ಗೆ ವಿಸ್ತಾರವಾಗಿ ಬರೆದವನು ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ, ಬಾಲರಾಜನು 'ಅಪ್ಪಾ' ಎಂದು ಕರೆಯುತ್ತಿದ್ದ ಬ್ರಿಟಿಷ್ ಅಧಿಕಾರಿ. ಅವನ ಆತ್ಮಕಥೆ 1877ರಲ್ಲಿ, ಅವನ ಮರಣಾನಂತರ ಪ್ರಕಟವಾಯಿತು. ಸೆರೆಯಲ್ಲಿ ತನ್ನನ್ನು ತಬ್ಬಿ ಅತ್ತ ರಾಜನನ್ನು ಟೇಲರ್ ಅಕ್ಕರೆಯಿಂದ ಚಿತ್ರಿಸುತ್ತಾನೆ. ಅದೇ ರಾಜ ಪ್ರಾಣಭಿಕ್ಷೆ ಬೇಡಲೂ ತನ್ನವರ ಹೆಸರು ಹೇಳಲೂ ಒಲ್ಲೆನೆಂದದ್ದನ್ನೂ ಬಚ್ಚಿಡದೆ ದಾಖಲಿಸುತ್ತಾನೆ. ಶಿಕ್ಷೆ ಇಳಿದ ಮೇಲೆ, ಸೆರೆಮನೆಗೆ ಒಯ್ಯುವ ದಾರಿಯಲ್ಲಿ ರಾಜ ಗುಂಡಿಗೆ ಬಲಿಯಾದನು. ಸೋತ ಅರಸನ ಕಣ್ಣೀರು ಗೆದ್ದವರ ಕಡೆಯವನ ಲೇಖನಿಯಲ್ಲಿ ತುಂಬಿದೆ. ಅವನ ಸಿಟ್ಟು ಮಾತ್ರ ಆ ಒಂದೆರಡು ನಿರಾಕರಣೆಗಳಲ್ಲಿ ಉಳಿದಿದೆ. ಅರಮನೆಯ ಹೆಂಗಸರು ಆಗ ಏನು ನುಡಿದರೆಂಬುದನ್ನು ಟೇಲರನ ಪುಟಗಳಲ್ಲಿ ಹುಡುಕುವುದಕ್ಕಿಂತ ಸುರಪುರ ಪರಿಸರದ ಹಾಡು, ಹೇಳಿಕೆಗಳಲ್ಲಿ ಹುಡುಕುವುದೇ ನನ್ನ ಮುಂದಿನ ಕೆಲಸ.