ಗಮನ ಕೊರತೆಯ ಮಗು: ಮನೋಚಿಕಿತ್ಸೆಗಳ ಹೋಲಿಕೆ

ಎಡಿಎಚ್‌ಡಿ (ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಎಂದು ಗುರುತಿಸಲು ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಂಡಿರಬೇಕು ಎನ್ನುತ್ತದೆ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5. ಗುರುತಿಸಿದ ಮೇಲೆ ನೀಡುವ ಮನೋಚಿಕಿತ್ಸೆಗಳಲ್ಲಿ ಹೆಚ್ಚು ಪುರಾವೆ ಇರುವುದು ವರ್ತನಾ ಚಿಕಿತ್ಸೆಗೆ. ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಅವರ ಕ್ರಿಯಾ ಅನುಬಂಧನವೇ, ಅಂದರೆ ಪರಿಣಾಮದ ಮೂಲಕ ವರ್ತನೆಯನ್ನು ರೂಪಿಸುವುದೇ, ಇದರ ಬುನಾದಿ: ಐದು ಲೆಕ್ಕ ಮುಗಿಸಿದ ಕೂಡಲೇ ಒಂದು ಚುಕ್ಕಿ, ಹತ್ತು ಚುಕ್ಕಿಗೆ ಅರ್ಧ ಗಂಟೆ ಆಟ. ಚುಕ್ಕಿ ಕೊಡುವುದನ್ನು ಸಂಜೆಗೆ ಮುಂದೂಡಿದರೆ ಪರಿಣಾಮ ಕುಗ್ಗುತ್ತದೆ. ಆರು ವರ್ಷದೊಳಗಿನ ಮಕ್ಕಳಾದರೆ ಔಷಧಕ್ಕಿಂತ ಮೊದಲು ತಂದೆತಾಯಿಗೇ ಈ ವಿಧಾನದ ತರಬೇತಿ ಕೊಡಲಾಗುತ್ತದೆ.

ಸಂಜ್ಞಾನಾತ್ಮಕ ವರ್ತನಾ ಚಿಕಿತ್ಸೆಯಲ್ಲಿ ಮಗು ‘ನಿಲ್ಲು, ಯೋಚಿಸು, ಮಾಡು’ ಎಂದು ತನಗೆ ತಾನೇ ಹೇಳಿಕೊಳ್ಳುವುದನ್ನು ಕಲಿಯುತ್ತದೆ. ಕೇಳಲು ಚೆಂದ, ಆದರೆ ಚಿಕ್ಕ ಮಕ್ಕಳಲ್ಲಿ ಫಲ ಕಡಿಮೆ, ಹದಿಹರೆಯದವರಿಗೆ ಹೆಚ್ಚು ಒಪ್ಪುತ್ತದೆ. ಆಟದ ಚಿಕಿತ್ಸೆಗೆ ಪುರಾವೆ ಇನ್ನೂ ತೆಳು.

ಇನ್ನು ಔಷಧದ ಜೊತೆ ಹೋಲಿಸಿದರೆ, ಅಮೆರಿಕ ಮತ್ತು ಕೆನಡಾದಲ್ಲಿ 579 ಮಕ್ಕಳ ಮೇಲೆ ನಡೆದ, ಎಡಿಎಚ್‌ಡಿಯ ಚಿಕಿತ್ಸೆಗಳನ್ನು ಹೋಲಿಸಿದ ಎಂಟಿಎ ಅಧ್ಯಯನದಲ್ಲಿ (1999) ಮೂಲ ಲಕ್ಷಣಗಳನ್ನು ತಗ್ಗಿಸುವಲ್ಲಿ ನಿಗಾ ಇಟ್ಟು ಕೊಟ್ಟ ಔಷಧಕ್ರಮವು ವರ್ತನಾ ಚಿಕಿತ್ಸೆಗಿಂತ ಮುಂದಿತ್ತು.