ಕೊನೆಯ ಅಂಕಿಯನ್ನು ಬಿಡಬೇಡ, ಪುಟ್ಟಿ

ಪುಟ್ಟಿ, ಮೊನ್ನೆ ನಿನಗೆ ಚದುರಂಗದ ಮಣೆಯ ಕಥೆ ಹೇಳಿದೆನಲ್ಲ. ಮೊದಲ ಮನೆಗೆ ಒಂದು ಅಕ್ಕಿಕಾಳು, ಮುಂದಿನದಕ್ಕೆ ಎರಡು, ಅದರಾಚೆಗೆ ನಾಲ್ಕು, ಹೀಗೆ ಅರವತ್ನಾಲ್ಕು ಮನೆ. ಒಟ್ಟು ಎಷ್ಟು ಅಂತ ಕೇಳಿದ್ದಕ್ಕೆ ಕ್ಯಾಲ್ಕುಲೇಟರ್ ಒತ್ತಿ ತೋರಿಸಿದೆ: 1.844674407, ಪಕ್ಕದಲ್ಲಿ ಹತ್ತರ ಘಾತ 19. “ಅಬ್ಬಾ, ಎಷ್ಟು ದೊಡ್ಡದು ತಾತ!” ಅಂದು ಎದ್ದು ಹೋದೆ. ನನಗೆ ಮನಸ್ಸು ತಡೆಯಲಿಲ್ಲ, ಅದಕ್ಕೇ ಈ ಕಾಗದ.

ಪೂರ್ತಿ ಬರೆದರೆ ಅದು 1,84,46,74,40,73,70,95,51,615. ಯಂತ್ರ ಗಾತ್ರ ಹೇಳಿ ಬಾಲ ಕತ್ತರಿಸಿಬಿಟ್ಟಿತು. ಆ ಬಾಲದಲ್ಲೇ ಮಾತಿದೆ ನೋಡು. ಕೊನೆಗೆ 5 ಇದೆ, ಹಾಗಾಗಿ 5ರಿಂದ ಭಾಗ ಹೋಗುತ್ತದೆ. ಇಪ್ಪತ್ತೂ ಅಂಕಿಗಳನ್ನು ಕೂಡಿದರೆ 87. ಅದು ಮೂರರ ಮಗ್ಗಿಗೆ ಸಿಗುತ್ತದೆ, ಒಂಬತ್ತರದಕ್ಕೆ ಸಿಗುವುದಿಲ್ಲ. ಅಂದರೆ ಈ ಸಂಖ್ಯೆ 3ರಿಂದ ಭಾಗವಾಗುತ್ತದೆ, 9ರಿಂದ ಆಗದು. ಇಷ್ಟಕ್ಕೆ ಯಂತ್ರ ಯಾಕಮ್ಮಾ?

ಇನ್ನು ಒಳಗೆ ಹೋಗು. ಇದು 2ರ 64ನೇ ಘಾತಕ್ಕಿಂತ ಒಂದು ಕಡಿಮೆ. ಎರಡು ವರ್ಗಗಳ ವ್ಯತ್ಯಾಸದ ಸೂತ್ರವನ್ನು ನೀನು ಬಾಯಿಪಾಠ ಮಾಡಿದ್ದೀಯಲ್ಲ, ಅದೇ ಇಲ್ಲಿ ಕೀಲಿಕೈ. ಸಂಖ್ಯೆ ಎರಡಾಗಿ ಒಡೆಯುತ್ತದೆ: 429,49,67,295 ಮತ್ತು 429,49,67,297. ಚಿಕ್ಕದು ಮತ್ತೆ ಮತ್ತೆ ಒಡೆದು 3, 5, 17, 257, 65537 ಉಳಿಯುತ್ತವೆ. ಐದೂ ಅವಿಭಾಜ್ಯ. ಯಾವುದರಿಂದಲಾದರೂ ಒಂದು ಕಳೆದು, ವರ್ಗ ಮಾಡಿ, ಒಂದು ಕೂಡಿಸು, ಮುಂದಿನದು ಬಂದು ನಿಲ್ಲುತ್ತದೆ. ನನಗೆ ಇವತ್ತಿಗೂ ಇದು ಸೋಜಿಗವೇ.

65537ಕ್ಕೆ ಹಾಗೆ ಮಾಡಿದರೆ ಬರುವುದೇ ಆ ದೊಡ್ಡ ತುಂಡು, 429,49,67,297. ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಇದೂ ಅವಿಭಾಜ್ಯವೆಂದೇ ನಂಬಿದ್ದರು. ಐದು ಸಲ ಸರಿಬಂದದ್ದು ಆರನೇ ಸಲವೂ ಬರುತ್ತದೆ ಅಂತ ಎಂಥವರಿಗೂ ಅನ್ನಿಸುತ್ತದೆ. ನೀನು ಜೋಪಾನವಾಗಿರಬೇಕಾದ್ದು ಇಂಥ ಕಡೆಯಲ್ಲೇ. 1732ರಲ್ಲಿ ಆಯ್ಲರ್ ಎಂಬ ಗಣಿತಜ್ಞ, ಆಗವರಿಗೆ ಬರೀ 25 ವರ್ಷ, ಇದು 641ರಿಂದ ಭಾಗವಾಗುತ್ತದೆಂದು ತೋರಿಸಿದರು. ಕಂಡಕಂಡ ಸಂಖ್ಯೆಯಿಂದೆಲ್ಲ ಭಾಗಿಸುವುದೂ ಬೇಕಿಲ್ಲ. ಇದನ್ನು ಭಾಗಿಸುವ ಅವಿಭಾಜ್ಯ ಯಾವುದೇ ಆಗಲಿ, 64ರ ಮಗ್ಗಿಗೆ ಒಂದು ಸೇರಿಸಿದ ಸಂಖ್ಯೆಯೇ ಆಗಿರಬೇಕು. ಆ ಸಾಲಿನ ಅವಿಭಾಜ್ಯಗಳು 193, 257, 449, 577, 641. ಐದನೆಯದಕ್ಕೇ ಬೀಗ ತೆರೆಯಿತು.

ದೊಡ್ಡದನ್ನು ಕಂಡು ಬೆರಗಾಗು, ಬೇಡ ಅನ್ನುವುದಿಲ್ಲ. ಬೆರಗಾದ ಮೇಲೆ ಎದ್ದು ಹೋಗಬೇಡ, ಅಲ್ಲೇ ಕೂತು ಅದರ ಒಳಗೆ ಏನಿದೆ ಅಂತ ಕೇಳು. ಇವತ್ತು ರಾತ್ರಿ ಊಟವಾದ ಮೇಲೆ ಪೆನ್ಸಿಲ್ ಹಿಡಿದು 67,00,417ನ್ನು 641ರಿಂದ ಕೈಯಲ್ಲೇ ಗುಣಿಸು. 429,49,67,297 ಬರಬೇಕು. ಬಂದ ಮೇಲೆ ನನಗೆ ಫೋನ್ ಮಾಡು.