ರೊಟ್ಟಿ ಜತೆ ಲಿಂಬೆ ಇರಲಿ, ಚಹಾ ಬೇಡ

ಚಂದಾಪುರ, ಚಿಂಚೋಳಿ, ಸೇಡಂ ಕಡೆ ಹೈಸ್ಕೂಲು, ಪಿಯುಸಿ ಓದುವ ಎಷ್ಟೋ ಹುಡುಗಿಯರು ಬೆಳಿಗ್ಗೆ ಚಹಾ, ಬಿಸ್ಕಿಟ್ ಮುಗಿಸಿ ಬಸ್ ಹತ್ತುತ್ತಾರೆ. ಮುಟ್ಟು ಶುರುವಾದ ಮೇಲೆ ತಿಂಗಳು ತಿಂಗಳು ರಕ್ತ ಹೋಗುತ್ತದೆ, ಅದೇ ವಯಸ್ಸಿನಲ್ಲಿ ಮೈಯೂ ಬೆಳೆಯುತ್ತದೆ. ಊಟ ಮಾತ್ರ ಮೊದಲಿನಷ್ಟೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರ ಪೈಕಿ ಶೇ 59 ಮಂದಿಗೆ ರಕ್ತಹೀನತೆ ಕಂಡುಬಂತು.

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. 8ಕ್ಕಿಂತ ಕೆಳಗಿದ್ದರೆ ಊಟವೊಂದರಿಂದ ಸರಿಹೋಗದು, ವೈದ್ಯರ ಚಿಕಿತ್ಸೆ ಬೇಕೇ ಬೇಕು. ‘ಓದಿ ಓದಿ ಸುಸ್ತಾಗ್ಯಾಳ’ ಎಂದು ಸುಮ್ಮನಿರಬೇಡಿ.

ಇನ್ನು ತಾಟಿನ ಮಾತು. ದುಬಾರಿ ಪೌಡರ್ ಡಬ್ಬಿ ತರಬೇಕಿಲ್ಲ. ಬೇಕಾದದ್ದು ಬಹುಪಾಲು ನಮ್ಮ ಹೊಲದಲ್ಲೇ ಇದೆ. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 30 ಮಿಲಿಗ್ರಾಂ ಕಬ್ಬಿಣದ ಅಂಶ ಬೇಕು. 100 ಗ್ರಾಂ ಜೋಳದಲ್ಲಿ ಸುಮಾರು 4, ಸಜ್ಜೆಯಲ್ಲಿ 6 ಮಿಲಿಗ್ರಾಂ ಸಿಗುತ್ತದೆ. ಹಾಗಾಗಿ ವಾರದಲ್ಲಿ ಎರಡು ಮೂರು ದಿನ ಸಜ್ಜೆ ರೊಟ್ಟಿ ಬಡಿಯಿರಿ. ಆದರೆ ಕಾಳುಕಡಿಯಲ್ಲಿರುವ ಫೈಟೇಟ್ ಆ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ವಿಟಮಿನ್ ‘ಸಿ’ ಜತೆಗಿದ್ದರೆ ಹೀರಿಕೆ ಹೆಚ್ಚುತ್ತದೆ. ತೊಗರಿಬೇಳೆ, ಮೆಂತೆ ಪಲ್ಯ ಒಲೆಯಿಂದ ಇಳಿಸಿದ ಮೇಲೆ ಲಿಂಬೆ ಹಿಂಡಿ, ಏಕೆಂದರೆ ಕುದಿಸಿದರೆ ಆ ವಿಟಮಿನ್ ನಷ್ಟವಾಗುತ್ತದೆ. ಹೆಸರುಕಾಳು ಮೊಳಕೆ ಕಟ್ಟಿದರೆ ಫೈಟೇಟ್ ತಗ್ಗುತ್ತದೆ. ಊಟದ ಕೊನೆಗೆ ಪೇರಲ ಹಣ್ಣು ಸಿಕ್ಕರೆ ಬಹಳ ಒಳ್ಳೆಯದು. ಚಹಾ ಊಟದ ಆಚೀಚೆ ಒಂದು ಗಂಟೆ ದೂರ ಇರಲಿ; ಅದರ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಎಳ್ಳಮಾವಾಸ್ಯೆಗೆ ಸೊಪ್ಪು, ಹಸಿಕಾಳು ಬೆರೆಸಿ ಮಾಡುವ ಭಜ್ಜಿ ವರ್ಷಕ್ಕೊಮ್ಮೆಯೇ ಏಕೆ? ವಾರಕ್ಕೊಮ್ಮೆ ಮಾಡಿ.

ಶೇಂಗಾ ಹಿಂಡಿ, ಮೊಸರು, ತತ್ತಿ ದಿನವೂ ಒಂದಿಷ್ಟು ಬೇಕು. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜತೆ ತತ್ತಿ ಕೊಡಲು ಆರಂಭಿಸಿದ್ದು 2021ರ ಡಿಸೆಂಬರ್‌ನಲ್ಲಿ. ಶಾಲೆಯಲ್ಲಿ ಸಿಗುತ್ತದೆಂದು ಮನೆಯಲ್ಲಿ ಮಗಳ ಪಾಲು ಕಡಿಮೆ ಮಾಡಬೇಡಿ. ಗಂಡಸರ ಊಟ ಮುಗಿದ ಮೇಲೆ ಉಳಿದದ್ದು ಅವಳಿಗೆ ಎಂಬ ರೂಢಿ ಇದ್ದರೆ ಇವತ್ತೇ ಬಿಡಿ. ಅಣ್ಣನ ಪಕ್ಕದಲ್ಲೇ ಕೂರಿಸಿ ಬಡಿಸಿ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಊಟದ ನಂತರ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಮಲ ಕಪ್ಪಾದರೆ ಹೆದರಬೇಡಿ. ಶಾಲೆ ಬಿಟ್ಟವಳಿಗೆ ಅಂಗನವಾಡಿಯಲ್ಲಿ ಕೇಳಿ. ಜಂತುಹುಳದ ಮಾತ್ರೆ ವರ್ಷಕ್ಕೆ ಎರಡು ಸಲ ತಪ್ಪದಿರಲಿ. ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಏರಿಕೆ ಕಾಣದಿದ್ದರೆ ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುತ್ತಿದೆಯೇ ಎಂದು ವೈದ್ಯರಲ್ಲಿ ವಿಚಾರಿಸಿ.